ಒಂದು ಮಾತು ಕೇಳಿದರೆ ತಪ್ಪೇ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಯಾವ ಕಚೇರಿಗೆ ಹೋದರೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು ‘ಮಾಸ್ಟ್ರೆ, ಕೂಕಣಿ’ ಎನ್ನುವುದುಂಟು. ಶಿಕ್ಷಕನ ನಿವೃತ್ತಿ ಜೀವನದಲ್ಲಿ ಇದಕ್ಕಿಂತ ದೊಡ್ಡ ಪಿಂಚಣಿ ಇಲ್ಲ. ಆದರೆ ಹಾಗೆ ಕುಳಿತ ಕುರ್ಚಿಯಿಂದ ನನ್ನ ಕಣ್ಣಿಗೆ ಮೊದಲು ಬೀಳುವುದು ಗಣಕಯಂತ್ರದ ಪರದೆಯ ಅಂಚಿಗೆ ಅಂಟಿಸಿದ ಚೀಟಿ. ಅದರಲ್ಲಿ ಕಚೇರಿಯ ಮಿಂಚಂಚೆಯ ಗುಪ್ತಪದ! ಬಂದವರೆಲ್ಲ ಓದಬಹುದಾದ ಗುಪ್ತಪದ. ತಿಜೋರಿಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಊಟಕ್ಕೆ ಹೋಗುವ ಜನ ಇದನ್ನೇಕೆ ಹೀಗೆ ಬಿಟ್ಟಿದ್ದಾರೆ ಎಂದು ಬೇಸರವಾಗುತ್ತದೆ. ಬುದ್ಧಿ ಹೇಳಲು ಬಾಯಿ ತೆರೆದವನು ಸುಮ್ಮನಾಗುತ್ತೇನೆ. ಏಕೆಂದರೆ ಅಂಥ ಚೀಟಿಯೊಂದನ್ನು ಬರೆದು ಅಂಟಿಸಿದವನು ಒಂದು ಕಾಲದಲ್ಲಿ ನಾನೇ.

ನಿವೃತ್ತಿಯ ನಂತರ ನಮ್ಮ ಕಡೆಯ ಒಂದು ಚಿಕ್ಕ ಶಿಕ್ಷಣ ಟ್ರಸ್ಟಿನ ಗೌರವ ಕಾರ್ಯದರ್ಶಿಯಾಗಿದ್ದೆ. ಹೆಸರು ಬೇಡ. ಕಚೇರಿಗೆ ಒಂದೇ ಮಿಂಚಂಚೆ ವಿಳಾಸ, ಒಂದೇ ಗುಪ್ತಪದ. ಶಾಲೆಯ ಹೆಸರು, ಅದರ ಪಕ್ಕ ಸ್ಥಾಪನೆಯಾದ ಇಸವಿ. ನಮ್ಮಲ್ಲಿ ಏಳು ಮಂದಿಗೆ ಅದು ಗೊತ್ತಿತ್ತು. 2023ರ ಮಳೆಗಾಲದಲ್ಲಿ ತರಗತಿಗಳಿಗೆ ಬೆಂಚು ಮಾಡಿಸಿದ್ದೆವು. ಬೆಂಚಿನವರಿಗೆ 1,86,000 ರೂಪಾಯಿ ಬಾಕಿ ಇತ್ತು. ಆ ವಿಷಯದ ಹಳೆಯ ಪತ್ರಗಳ ಕೆಳಗೇ, ಅದೇ ಒಕ್ಕಣೆಯಲ್ಲಿ, ಒಂದು ಮಿಂಚಂಚೆ ಬಂತು: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಈ ಹೊಸ ಖಾತೆಗೆ ಕಳುಹಿಸಿ. ಬಿಲ್ಲಿನ ಸಂಖ್ಯೆ, ಮೊತ್ತ ಎಲ್ಲವೂ ಸರಿಯಾಗಿತ್ತು. ಕಳುಹಿಸಿದವರ ವಿಳಾಸದಲ್ಲಿ ಮಾತ್ರ ಒಂದು ಅಕ್ಷರ ಹೆಚ್ಚಿತ್ತು.

ಕಚೇರಿ ಸಹಾಯಕಿ ನನ್ನದೇ ಹಳೆಯ ವಿದ್ಯಾರ್ಥಿನಿ. ಅವಳಿಗೆ ಅನುಮಾನ ಬಂದಿತ್ತು. ನನ್ನನ್ನು ಕೇಳೋಣವೆಂದು ಮೂರು ಸಲ ಮೊಬೈಲು ಎತ್ತಿ ಕೆಳಗಿಟ್ಟಳಂತೆ. ಹಿಂದಿನ ವಾರವಷ್ಟೇ ‘ಇಷ್ಟು ಸಣ್ಣ ವಿಷಯಕ್ಕೆ ಮಧ್ಯಾಹ್ನ ಫೋನ್ ಮಾಡುವುದೇ?’ ಎಂದು ನಾನು ಗದರಿದ್ದೆ. ಬೆಂಚಿನವರನ್ನೇ ಕೇಳೋಣವೆಂದರೆ ಅವರು ವಯಸ್ಸಿನಲ್ಲಿ ಹಿರಿಯರು, ತಮ್ಮನ್ನು ಸಂಶಯಿಸಿದಳೆಂದು ತಿಳಿದುಕೊಂಡಾರು. ಹಣ ಹೋಯಿತು. ನಾಲ್ಕು ದಿನಗಳ ನಂತರ ಬೆಂಚಿನವರು ಬಾಕಿ ಕೇಳಲು ಬಂದಾಗಲೇ ಗೊತ್ತಾದದ್ದು. ಆಮೇಲೆ 1930ಕ್ಕೆ ಕರೆ, ಉಡುಪಿಯ ಸೆನ್ ಠಾಣೆಗೆ ಓಡಾಟ. ಅಷ್ಟರಲ್ಲಿ ಆ ಖಾತೆಯಲ್ಲಿ ಉಳಿದದ್ದು ಅತ್ಯಲ್ಪ. ಮೊದಲ ಕೆಲವು ಗಂಟೆಗಳಲ್ಲೇ 1930ಕ್ಕೆ ತಿಳಿಸಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇದನ್ನು ದಯವಿಟ್ಟು ನೆನಪಿಡಿ.

ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು, ಅವಳ ಸಂಬಳದಿಂದ ತಿಂಗಳಿಗೆ ಎರಡು ಸಾವಿರದಂತೆ ಮುರಿದುಕೊಳ್ಳೋಣ ಎಂದರು. ನಾನು ಗಣಿತದ ಮೇಷ್ಟ್ರು. ಮನಸ್ಸು ತಾನಾಗಿ ಲೆಕ್ಕ ಹಾಕಿತು. 93 ತಿಂಗಳು. ಅವಳು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ‘ಕಾಣಿ ಮಾಸ್ಟ್ರೆ, ನಂಗೆ ಎಂತದೂ ಗೊತ್ತಿಲ್ಲೆ’ ಎಂದು ಬೆಳಿಗ್ಗೆ ಅತ್ತಿದ್ದಳು. ನಾನು ಕೂಡಲೇ ಮಾತಾಡಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ನಿಂತು, ಗುಪ್ತಪದ ಇಟ್ಟವನು ನಾನು, ಚೀಟಿ ಅಂಟಿಸಿದವನು ನಾನು, ಫೋನ್ ಮಾಡಬೇಡವೆಂದವನೂ ನಾನು ಎಂದೆ. ಸಂಬಳ ಮುರಿಯುವ ಮಾತು ಅಲ್ಲಿಗೆ ನಿಂತಿತು. ನಷ್ಟದಲ್ಲಿ ನನ್ನ ಪಾಲನ್ನು ನಾನು ತುಂಬಿದೆ. ಆದರೂ ಮಾರ್ಚ್ ಕಳೆಯುವಷ್ಟರಲ್ಲಿ ಅವಳು ಕೆಲಸ ಬಿಟ್ಟಳು.

ಕಳ್ಳರಿಗೆ ಬಿಲ್ಲಿನ ಸಂಖ್ಯೆ ಹೇಗೆ ತಿಳಿಯಿತು? ಮಿಂಚಂಚೆಯ ಸೆಟ್ಟಿಂಗ್ಸಿನಲ್ಲಿ ಫಾರ್ವರ್ಡಿಂಗ್ ಎಂಬ ಭಾಗವಿದೆ. ಅಲ್ಲಿ ನಮಗೆ ಪರಿಚಯವೇ ಇಲ್ಲದ ವಿಳಾಸವೊಂದು ಕುಳಿತಿತ್ತು. ನಮಗೆ ಬರುವ ಪ್ರತಿ ಪತ್ರದ ಪ್ರತಿಯೂ ಅಲ್ಲಿಗೆ ಹೋಗುತ್ತಿತ್ತು. ಗುಪ್ತಪದ ಬದಲಾಯಿಸಿದ ಮೇಲೂ ಇದು ಹಾಗೆಯೇ ಇರುತ್ತದೆ, ಹುಡುಕಿ ಅಳಿಸಬೇಕು. ಇನ್ನು ಅದನ್ನು ಅಲ್ಲಿ ಇಟ್ಟವರು ಯಾರು, ಯಾವಾಗ? ಏಳು ಮಂದಿಗೆ ಒಂದೇ ಗುಪ್ತಪದವಿದ್ದಲ್ಲಿ ಉತ್ತರವಿಲ್ಲ. ಹಾಜರಿ ಪುಸ್ತಕದಲ್ಲಿ ಏಳು ಜನ ಒಂದೇ ಸಹಿ ಹಾಕಿದಂತೆ. ಅಂಥ ಕಡೆ ತಪ್ಪು ಹೋಗಿ ಅಂಟಿಕೊಳ್ಳುವುದು ಅತ್ಯಂತ ಕಡಿಮೆ ಸಂಬಳದವರಿಗೆ. ಪ್ರತಿಯೊಬ್ಬರಿಗೂ ಅವರದೇ ಖಾತೆ, ಅವರದೇ ಗುಪ್ತಪದ, ಮೊಬೈಲಿನ ಮೂಲಕ ಎರಡನೆಯ ಹಂತದ ದೃಢೀಕರಣ ಇರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಅದು ಕೆಲಸದವರ ಮೇಲಿನ ಅಪನಂಬಿಕೆಯಲ್ಲ, ಅವರಿಗೆ ರಕ್ಷಣೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳನ್ನು ನೆನೆಯಿರಿ. ಪ್ರಶ್ನೆಪತ್ರಿಕೆಯ ಕಟ್ಟು ತಾಲೂಕು ಖಜಾನೆಯಿಂದ ಮೊಹರಿನೊಂದಿಗೆ ಬರುತ್ತಿತ್ತು. ಮೊಹರು ಸರಿಯಿದೆಯೇ ಎಂದು ಎಲ್ಲರೆದುರು ನೋಡಿ, ಸಹಿ ಹಾಕಿಸಿ, ಆಮೇಲೆ ಒಡೆಯುತ್ತಿದ್ದೆವು. ತಂದುಕೊಟ್ಟ ಅಧಿಕಾರಿ ‘ನನ್ನನ್ನು ಸಂಶಯಿಸಿದಿರಾ?’ ಎಂದು ಎಂದೂ ಮುನಿಸಿಕೊಳ್ಳಲಿಲ್ಲ.

2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹಣವನ್ನು ಕಳ್ಳರು ಗಣಕಯಂತ್ರದ ಮೂಲಕವೇ ದೋಚಿದರು. ಸಿಬ್ಬಂದಿಗೆ ಬಂದ, ಉದ್ಯೋಗದ ಅರ್ಜಿಯಂತೆ ಕಾಣುವ ಮಿಂಚಂಚೆಗಳಿಂದ ಅದರ ಸಿದ್ಧತೆ ನಡೆದಿತ್ತು. 8.1 ಕೋಟಿ ಡಾಲರು ಫಿಲಿಪ್ಪೀನ್ಸಿಗೆ ಹೋಯಿತು. ಆದರೆ ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರು ಸಿಕ್ಕಿತು. ಪಡೆಯುವ ಸಂಸ್ಥೆಯ ಹೆಸರಿನಲ್ಲಿ ‘ಫೌಂಡೇಶನ್’ ಎಂಬ ಪದದ ಇಂಗ್ಲಿಷ್ ಕಾಗುಣಿತ ತಪ್ಪಿತ್ತು, ನಡುವಿನ ಬ್ಯಾಂಕಿನವರು ‘ಇದು ಸರಿಯೇ?’ ಎಂದು ಕೇಳಿದರು. (ಕಾಗುಣಿತಕ್ಕೆ ಅಂಕ ಕಳೆಯುತ್ತಿದ್ದ ನನ್ನ ಸಹೋದ್ಯೋಗಿ ಭಾಷಾ ಶಿಕ್ಷಕರಿಗೆ ಈ ಸಂಗತಿ ಅರ್ಪಣೆ.) ನಮ್ಮ ಕಡೆ ಹಿರಿಯರನ್ನು ಮರುಪ್ರಶ್ನಿಸುವುದು ಅವಿನಯ. ಅದನ್ನು ಮಕ್ಕಳಿಗೆ ಕಲಿಸಿದವರು ನಾವೇ, ಮೇಷ್ಟ್ರುಗಳು. ಈಗ ಕಳ್ಳ ಒಳಗೆ ಬರುತ್ತಿರುವುದು ಆ ಬಾಗಿಲಿನಿಂದ. ಆದ್ದರಿಂದ ಅಧಿಕಾರದ ಕುರ್ಚಿಯಲ್ಲಿರುವ ನನ್ನ ವಿದ್ಯಾರ್ಥಿಗಳೇ, ಹಣದ ವಿಷಯದಲ್ಲಿ ಕೈಕೆಳಗಿನವರು ಫೋನ್ ಮಾಡಿ ಕೇಳಿದರೆ ಗದರಬೇಡಿ. ಖಾತೆ ಬದಲಾಯಿತೆಂಬ ಪತ್ರ ಬಂದಾಗ, ಆ ಪತ್ರದಲ್ಲಿರುವ ಸಂಖ್ಯೆಗಲ್ಲ, ನಿಮ್ಮಲ್ಲಿ ಮೊದಲೇ ಇದ್ದ ಸಂಖ್ಯೆಗೆ ಕರೆ ಮಾಡಿಸಿ.

ಯಂತ್ರದ ಆರೈಕೆಯ ಬಗ್ಗೆ ಎರಡೇ ಮಾತು. ನಮ್ಮ ಕರಾವಳಿಯ ಉಪ್ಪುಗಾಳಿ, ಥಂಡಿ, ಒಳಗೆ ಸೇರುವ ಇರುವೆ ಹಲ್ಲಿಗಳನ್ನು ನೀವೇ ಬಲ್ಲಿರಿ. ಗುಡುಗು ಶುರುವಾಗುವ ಮೊದಲೇ ವಿದ್ಯುತ್ತಿನ ಪ್ಲಗ್ಗಿನ ಜತೆಗೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳಬೇಕು. ಸಿಡಿಲು ಅದರಲ್ಲೂ ಬರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ‘ಚೆನ್ನಾಗಿಯೇ ಓಡುತ್ತಿದೆಯಲ್ಲ’ ಎಂದು ಅದರಲ್ಲೇ ಲೆಕ್ಕಪತ್ರ ಇಟ್ಟುಕೊಂಡಿರುವ ಕಚೇರಿಗಳು ಇನ್ನೂ ಇವೆ.

ಆ ಹುಡುಗಿ ಈಗ ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ತಿಂಗಳು, ಅದೂ ಮಧ್ಯಾಹ್ನ ನಾನು ಮಲಗಿದ್ದ ಹೊತ್ತಿಗೆ, ಅವಳ ಫೋನ್ ಬಂತು. ‘ಮಾಸ್ಟ್ರೆ, ನಿಮ್ಮ ಹೆಸ್ರಲ್ಲಿ ಒಂದ್ ಮೇಲ್ ಬಂದಿತ್. ನೀವೇ ಕಳ್ಸಿದ್ದಾ?’

ನಾನೇ ಕಳುಹಿಸಿದ್ದೆ, ಮೊಮ್ಮಗಳ ನಾಮಕರಣದ ಕರೆಯೋಲೆ. ತೆರೆಯಬಹುದು ಎಂದೆ.