ಬೆವರಿನ ಜೋಳಿಗೆ

ಕುಣಿಗಲ್ ತಾಲ್ಲೂಕಿನ ಸದ್ಗೃಹಿಣಿಯೊಬ್ಬರು ನಮಗೆ ಬರೆದ ಪತ್ರದಲ್ಲಿ ಹೊಸ ಬಗೆಯ ಪ್ರಶ್ನೆಯೊಂದಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಗೋವಾದ 'ಐರನ್‌ಮ್ಯಾನ್ 70.3' ಎಂಬ ಸ್ಪರ್ಧೆಗೆ ಸಿದ್ಧನಾಗುತ್ತಿದ್ದಾನೆ. ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ಎಡೆಬಿಡದೆ ಒಂದೇ ದಿನದಲ್ಲಿ ಮುಗಿಸಬೇಕು. ಅದನ್ನೇ ನಿಮಿತ್ತವಾಗಿಸಿಕೊಂಡು ಬಂಧುಬಳಗದಿಂದ ಹಣ ಕೂಡಿಸಿ ಬಡಮಕ್ಕಳ ವಿದ್ಯಾರ್ಥಿನಿಲಯಕ್ಕೆ ಅರ್ಪಿಸುವುದು ಆತನ ಸಂಕಲ್ಪ. ಬಂಧುಗಳು ನಗುತ್ತಾರಂತೆ. "ದಾನ ಬೇಕಿದ್ದರೆ ಕೇಳಲಿ, ಕೊಡುತ್ತೇವೆ, ಕಡಲಿಗೆ ಬಿದ್ದು ಒದ್ದಾಡುವುದೇಕೆ?" ಎನ್ನುತ್ತಾರಂತೆ. ಇದು ದಾಸೋಹವೋ ಪ್ರದರ್ಶನವೋ ಎಂಬುದು ಆ ತಾಯಿಯ ಪ್ರಶ್ನೆ.

ಮೊದಲು ಶ್ರಮದ ಅಳತೆಯನ್ನು ನಮ್ಮ ಸೀಮೆಯ ದಾರಿಗಳಲ್ಲೇ ನೋಡೋಣ. ಈಜು 1.9 ಕಿಲೋಮೀಟರ್, ಸೈಕಲ್ 90, ಓಟ 21.1. ಕಡಲಿನಿಂದ ಮೇಲೆದ್ದವನು ತುಮಕೂರಿನಲ್ಲಿ ಸೈಕಲ್ ಹತ್ತಿ, ಕುಣಿಗಲ್ ಮುಟ್ಟಿ, ಮರಳಿ ತುಮಕೂರಿಗೆ ಬಂದು, ಅಲ್ಲಿಂದ ಗುಬ್ಬಿ ತಲುಪಿದನೆನ್ನಿ. ಸುಮಾರು 90 ಆಯಿತು. ಗುಬ್ಬಿಯಲ್ಲಿ ಸೈಕಲ್ಲಿನಿಂದಿಳಿದು, ಕೂರದೆ, ಬಿಸಿಲಿನಲ್ಲಿ ತುಮಕೂರಿಗೆ ಓಡಬೇಕು. ಇಷ್ಟಕ್ಕೂ ಸಿಗುವ ಕಾಲ ಎಂಟೂವರೆ ಗಂಟೆ. ಬೆಂಗಳೂರು ದಕ್ಷಿಣದ ಸಂಸದರಾದ ಶ್ರೀ ತೇಜಸ್ವಿ ಸೂರ್ಯ ಅವರು 2024ರ ಅಕ್ಟೋಬರ್ 27ರಂದು ಇದನ್ನು ಪೂರೈಸಿದಾಗ ಉಳಿದಿದ್ದುದು ಮೂರು ನಿಮಿಷಕ್ಕೂ ಕಡಿಮೆ. 1978ರಲ್ಲಿ ಹವಾಯಿ ದ್ವೀಪದಲ್ಲಿ ಆರಂಭವಾದ ಮೂಲ ಸ್ಪರ್ಧೆಯಾದರೋ ಇದರ ಇಮ್ಮಡಿ. ಆ ಮೊದಲ ವರ್ಷ ಹೊರಟವರು 15 ಮಂದಿ, ಮುಟ್ಟಿದವರು 12.

ಬಂಧುಗಳ ಮಾತನ್ನು ಕುಹಕವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಒಳ್ಳೆಯ ಸೈಕಲ್ಲು, ಪ್ರವೇಶಶುಲ್ಕ, ಪ್ರಯಾಣ, ವಸತಿ ಎಂದು ಇದಕ್ಕೆ ಹತ್ತಾರು ಸಾವಿರ ರೂಪಾಯಿ ತಗಲುತ್ತದೆ. ಆ ಹಣದಲ್ಲೇ ಎಷ್ಟೋ ಮಕ್ಕಳು ಉಣ್ಣಬಹುದಲ್ಲವೆ? ಹೌದು. ಆದರೆ ಹೀಗೆ ಕೇಳುವವರು ತಮ್ಮ ಮನೆಯ ಮದುವೆಯ ಚಪ್ಪರದ ಖರ್ಚನ್ನೂ ಇದೇ ತಕ್ಕಡಿಯಲ್ಲಿ ತೂಗಿ ನೋಡಿದ್ದುಂಟೆ ಎಂದು ಮೆಲ್ಲನೆ ವಿಚಾರಿಸಬೇಕು. ಅದಿರಲಿ. ಹಣ ಕೂಡಿಸಲು ಓಡುವ ಪದ್ಧತಿ ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದಲ್ಲಿ ಅನೇಕರು ಸೇವಾಸಂಸ್ಥೆಗಳಿಗಾಗಿ ಪರಿಚಿತರಿಂದ ಹಣ ಬೇಡಿ ಓಡುತ್ತಾ ಬಂದಿದ್ದಾರೆ.

ತುಮಕೂರು ಸೀಮೆಯವರಿಗೆ ಇದರ ಮರ್ಮವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಮಕ್ಕಳ ಪ್ರಸಾದಕ್ಕಾಗಿ ಊರೂರು ಸುತ್ತಿ ಭಕ್ತರಿಂದ ದವಸಧಾನ್ಯ ಬೇಡಿ ತಂದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಆ ಮಠದ ಅನ್ನದ ಋಣವಿಲ್ಲದ ಹಳ್ಳಿ ಈ ಭಾಗದಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ದಣಿದು ಬಾಗಿಲಿಗೆ ಬಂದು ನಿಂತವರಿಗೆ ಮನೆಯವರು ಮೊರ ತುಂಬಿ ತಂದು ಸುರಿದರು. ಕುಳಿತಲ್ಲಿಂದ ಹೇಳಿಕಳುಹಿಸಿದ್ದರೆ ಹಾಗೆ ಸುರಿಯುತ್ತಿದ್ದರೆ? ಬೇಡುವವನ ಶ್ರಮ ಬೇಡಿಕೆಗೆ ಸಾಕ್ಷಿಯಾಗುತ್ತದೆ. ಆದರೆ ಜೋಳಿಗೆಗೆ ಒಂದು ಕಟ್ಟಳೆಯಿದೆ: ಅದರೊಳಗೆ ಬಿದ್ದ ಕಾಳು ಹೊತ್ತವನದಲ್ಲ.

ಈ ಕಟ್ಟಳೆಯನ್ನು ಅರಿತಿದ್ದ ತರುಣನೊಬ್ಬ ಕೆನಡಾದಲ್ಲಿದ್ದ. ಟೆರ್ರಿ ಫಾಕ್ಸ್ ಎಂದು ಹೆಸರು. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡ ಆತ, 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಪೂರ್ವತೀರದಿಂದ ಪಶ್ಚಿಮಕ್ಕೆ ಓಡಲಾರಂಭಿಸಿದ. ದೇಶವಾಸಿಗಳು ತಲೆಗೊಂದು ಡಾಲರ್ ಕೊಡಲಿ, ಅದು ಕ್ಯಾನ್ಸರ್ ಸಂಶೋಧನೆಗೆ ಸಲ್ಲಲಿ ಎಂಬುದಷ್ಟೇ ಅವನ ಬೇಡಿಕೆ. ತನ್ನ ಓಟದಿಂದ ಯಾರೂ ಸ್ವಂತ ಲಾಭ ಮಾಡಿಕೊಳ್ಳಬಾರದೆಂದು ಹಠ ಹಿಡಿದ. 143 ದಿನ, 5,373 ಕಿಲೋಮೀಟರ್ ಆದ ಮೇಲೆ ರೋಗ ಪುಪ್ಪುಸಕ್ಕೆ ಹರಡಿದ್ದು ತಿಳಿದು ನಿಲ್ಲಬೇಕಾಯಿತು. 1981ರ ಜೂನಿನಲ್ಲಿ, 23 ತುಂಬುವ ಮೊದಲೇ ತೀರಿಕೊಂಡ. ಅಷ್ಟರಲ್ಲಿ ಕೂಡಿದ್ದ ಹಣ ಎರಡು ಕೋಟಿ ನಲವತ್ತು ಲಕ್ಷ ಡಾಲರಿಗೂ ಮಿಗಿಲು. ಪಶ್ಚಿಮದ ಕಡಲನ್ನು ಅವನು ಮುಟ್ಟಲಿಲ್ಲವೆಂದು ಜನ ಕೊಡುವುದನ್ನು ನಿಲ್ಲಿಸಲಿಲ್ಲ.

ಆದುದರಿಂದ ಆ ಮಗನಿಗೆ ಅಮ್ಮನ ಮೂಲಕ ನಾವು ಹೇಳುವುದಿಷ್ಟು. ಸೈಕಲ್ಲು, ಶುಲ್ಕ, ಪ್ರಯಾಣ ಎಲ್ಲವೂ ಸ್ವಂತ ಸಂಪಾದನೆಯಿಂದಲೇ ಆಗಲಿ. ಹೀಗೆಂದು ಬೇಡುವ ಮೊದಲೇ ಬಂಧುಗಳಿಗೆ ತಿಳಿಸಲಿ. ಹಣ ಆತನ ಕೈಗೆ ಬಾರದೆ ನೇರವಾಗಿ ವಿದ್ಯಾರ್ಥಿನಿಲಯದ ಖಾತೆಗೆ ಹೋಗಲಿ, ರಸೀದಿ ಅವರಿಂದಲೇ ಬರಲಿ. ಸ್ಪರ್ಧೆ ಅರ್ಧಕ್ಕೆ ನಿಂತರೂ ದಾನ ಸಲ್ಲತಕ್ಕದ್ದೆಂದು ಮುಂಚಿತವಾಗಿಯೇ ಸ್ಪಷ್ಟಪಡಿಸಲಿ; ಇಲ್ಲವಾದರೆ ಬಂಧುಗಳ ಹಣಕ್ಕಾಗಿ ಮೈಮರೆತು ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವ ಅಪಾಯವಿದೆ. ಕೂಡಿದ್ದು ತಾನು ಖರ್ಚು ಮಾಡಿದ್ದಕ್ಕಿಂತ ಕಡಿಮೆಯಾದರೆ, ಕೊರತೆಯನ್ನು ತಾನೇ ತುಂಬಲಿ. ಅದೂ ಆಗದಿದ್ದರೆ ಅದನ್ನು ವಿಹಾರಯಾತ್ರೆಯೆಂದೇ ಕರೆಯಲಿ, ತಪ್ಪೇನಿಲ್ಲ.

ತಾಯಿಯ ನಿಜವಾದ ಭಯ ಹಣದ್ದಲ್ಲವೆಂಬುದು ಪತ್ರದ ಅಕ್ಷರಗಳಲ್ಲೇ ಕಾಣುತ್ತದೆ. ಊರಿಗೆ ಬಂದಾಗ ಆತ ಕೆರೆಯಲ್ಲಿ ಒಬ್ಬನೇ ಈಜುತ್ತಾನಂತೆ. ಇದು ಕೂಡದು. ಕೆರೆಯ ಹೂಳು, ಜೊಂಡು ಎಂತಹ ಈಜುಗಾರನನ್ನೂ ಹಿಡಿಯಬಲ್ಲವು. ದಡದಲ್ಲಿ ಈಜುಬಲ್ಲ ಮತ್ತೊಬ್ಬ ಇರಲೇಬೇಕು. ದೀರ್ಘ ಓಟದಲ್ಲಿ ಉಪ್ಪಿನಂಶವಿಲ್ಲದೆ ಬರಿಯ ನೀರನ್ನೇ ಅತಿಯಾಗಿ ಕುಡಿಯುವುದೂ ನೀರಿಲ್ಲದಷ್ಟೇ ಅಪಾಯಕರವೆಂದು ವೈದ್ಯರು ಹೇಳುತ್ತಾರೆ. ಹೃದಯದ ತಪಾಸಣೆ ಮೊದಲು ಆಗಲಿ, ಬಂಧುಗಳಿಗೆ ಬೇಡಿಕೆಯ ಪತ್ರ ಆಮೇಲೆ ಹೋಗಲಿ.