ಫಿಲ್ಮಿನ ಊರು, ಫೋನಿನ ಊರು

ಕಳೆದ ಮಳೆಗಾಲದ ಒಂದು ಸಂಜೆ ಮುಂಬಯಿಯ ಮರೀನ್ ಡ್ರೈವಿನ ಕಟ್ಟೆಯ ಬಳಿ ನಿಂತು ನಾವು ಒಂದೇ ನೋಟವನ್ನು ಎರಡು ಬಗೆಯಲ್ಲಿ ಹಿಡಿದೆವು. ಮೊದಲು ಫೋನಿನಿಂದ, ಬಳಿಕ ಹೆಗಲ ಚೀಲದಲ್ಲಿದ್ದ ಹಳೆಯ ಫಿಲ್ಮ್ ಕ್ಯಾಮೆರಾದಿಂದ. ಫೋನಿನ ಚಿತ್ರ ನಿಂತಲ್ಲೇ ಸಿದ್ಧವಾಯಿತು. ಆಚೆ ಬದಿಯ ಕಟ್ಟಡಗಳ ಒಂದೊಂದು ಕಿಟಕಿಯನ್ನೂ ಮೋಡದ ಒಂದೊಂದು ಮಡಿಕೆಯನ್ನೂ ಅದರಲ್ಲಿ ಎಣಿಸಬಹುದಿತ್ತು. ಫಿಲ್ಮ್ ಚಿತ್ರಕ್ಕೆ ಹದಿನೈದು ದಿನ ಕಾಯಬೇಕಾಯಿತು. ಬಂದಾಗ ನೋಡಿದರೆ ಕಟ್ಟಡಗಳೆಲ್ಲ ಕರಗಿ ನೀಲಿಬೂದಿಯ ಒಂದೇ ಗೋಡೆಯಾಗಿದ್ದವು. ಬೀದಿದೀಪಗಳ ಸುತ್ತ ಕುಂಕುಮದ ನೀರು ಹರಡಿದಂತಹ ಕೆಂಪು ಪ್ರಭೆ. ತೋಯ್ದ ರಸ್ತೆ ಕುಂಚದ ಒಂದೇ ಎಳೆತದಂತೆ ಹಳದಿಯಾಗಿ ಬಳಿದುಕೊಂಡಿತ್ತು. ಬಳಗದ ಗೆಳೆಯರೊಬ್ಬರು ಅದನ್ನು ಕಂಡು, ‘ಇದು ಫೋಟೋ ಅಲ್ಲ, ಚಿತ್ರ’ ಎಂದರು. ಹೊಗಳಿಕೆಯೆಂದೇ ಸ್ವೀಕರಿಸಿದೆವು. ಮನೆಗೆ ಬಂದ ಮೇಲೆ ಅನುಮಾನ ಹತ್ತಿತು. ಯಂತ್ರವೊಂದು ಕಾಣದೆ ಬಿಟ್ಟದ್ದನ್ನು ನಾವು ಕಲೆಯೆಂದು ಕರೆದುಕೊಳ್ಳುತ್ತಿದ್ದೇವೆಯೇ?

ಈ ಅನುಮಾನಕ್ಕೆ ಉತ್ತರ ರಸಾಯನದಲ್ಲಿಯೇ ಸ್ವಲ್ಪ ಮಟ್ಟಿಗೆ ಇದೆ. ಡಿಜಿಟಲ್ ಸಂವೇದಕ ಬೆಳಕನ್ನು ಒಂದು ಮಿತಿಯವರೆಗೆ ಬಿದ್ದಷ್ಟೂ ಲೆಕ್ಕವಿಡುತ್ತದೆ. ಮಿತಿ ದಾಟಿದೊಡನೆ ಅಲ್ಲಿ ಬರಿ ಬಿಳುಪು. ಫಿಲ್ಮಿನ ಸ್ವಭಾವ ಹಾಗಲ್ಲ. ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಷ್ಟು ಹಿಂದೆಯೇ ಗೆರೆ ಎಳೆದು ತೋರಿಸಿದಂತೆ, ಬೆಳಕು ಹೆಚ್ಚುತ್ತ ಹೋದಾಗ ಫಿಲ್ಮಿನ ಪ್ರತಿಕ್ರಿಯೆ ಮೇಲ್ತುದಿಯಲ್ಲಿ ಮೆಲ್ಲನೆ ಬಾಗುತ್ತದೆ, ಭುಜದ ಇಳಿಜಾರಿನಂತೆ. ಆದ್ದರಿಂದಲೇ ದೀಪವಾಗಲಿ ಮುಳುಗುವ ಸೂರ್ಯನಾಗಲಿ ಕಾಗದದಲ್ಲಿ ತೂತು ಕೊರೆದಂತೆ ಕಾಣದೆ ಸುತ್ತಲಿನ ಬಣ್ಣಕ್ಕೆ ಹೊಂದಿಕೊಂಡು ಕರಗುತ್ತದೆ. ಇನ್ನು ಕಣಗಳು. ಸಂವೇದಕದ ಚುಕ್ಕೆಗಳು ಚದುರಂಗದ ಮನೆಗಳಂತೆ ಸಾಲಾಗಿ ಕುಳಿತಿದ್ದರೆ ಫಿಲ್ಮಿನ ಬೆಳ್ಳಿಯ ಹರಳುಗಳು ಗಾತ್ರದಲ್ಲೂ ಜಾಗದಲ್ಲೂ ಯಾವ ಶಿಸ್ತಿಗೂ ಒಳಪಡದೆ ಚೆಲ್ಲಾಡಿರುತ್ತವೆ. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಬೆಳ್ಳಿಯೂ ಉಳಿಯುವುದಿಲ್ಲ. ಅದನ್ನು ತೊಳೆದು ತೆಗೆದ ಮೇಲೆ ಅದರ ಸುತ್ತ ಹುಟ್ಟಿದ್ದ ವರ್ಣದ ಮೋಡವಷ್ಟೇ ಉಳಿಯುತ್ತದೆ. ನಮ್ಮ ದೀಪಗಳ ಕೆಂಪು ಪ್ರಭೆಗೂ ಕಾರಣವಿದೆ. ಅದು ಸಿನಿಮಾ ಫಿಲ್ಮಿನ ಬೆನ್ನಿಗಿರುವ ಕಪ್ಪು ಪದರವನ್ನು ತೆಗೆದು ಮಾರುವ ರೋಲು. ಪದರ ಇಲ್ಲದ್ದರಿಂದ ಒಳಹೊಕ್ಕ ಬೆಳಕು ಹಿಂದಕ್ಕೆ ಪುಟಿದು ಕೆಂಪನ್ನು ಗ್ರಹಿಸುವ ಪದರವನ್ನು ಎರಡನೆಯ ಸಲ ಮುಟ್ಟುತ್ತದೆ. ಒಟ್ಟಿನಲ್ಲಿ, ಗೆಳೆಯರು ಮೆಚ್ಚಿದ ಕುಂಕುಮ ಒಂದು ದೋಷದ ಫಲ. ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ ಆಗುತ್ತದೆ.

ನಿಸರ್ಗವನ್ನು ಚಿತ್ರದಂತೆ ಕಾಣಬೇಕೆಂಬ ಹಂಬಲ ಕ್ಯಾಮೆರಾಕ್ಕಿಂತ ಹಳೆಯದು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಾವು ಕೇಳಿ ನಕ್ಕಿದ್ದ ‘ಕ್ಲಾಡ್ ಕನ್ನಡಿ’ ಈಗ ಮತ್ತೆ ನೆನಪಾಗುತ್ತದೆ. ಹದಿನೆಂಟನೆಯ ಶತಮಾನದ ಪ್ರವಾಸಿಗರು ಮಸಿಬಣ್ಣದ, ತುಸು ಉಬ್ಬಿದ ಈ ಪುಟ್ಟ ಕನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಸುಂದರವಾದ ಕಣಿವೆ ಎದುರಾದರೆ ಅದಕ್ಕೆ ಬೆನ್ನು ತಿರುಗಿಸಿ ಕನ್ನಡಿಯಲ್ಲಿ ನೋಡುವುದು. ಆಗ ಕಣಿವೆ ಕ್ಲಾಡ್ ಲೊರೇನನ ವರ್ಣಚಿತ್ರದಂತೆ ಮಾಗಿದ ಬಣ್ಣದಲ್ಲಿ, ಚೌಕಟ್ಟಿನೊಳಗೆ ಕಾಣುವುದು. ಕವಿ ಥಾಮಸ್ ಗ್ರೇ 1769ರಲ್ಲಿ ಇಂಗ್ಲೆಂಡಿನ ಸರೋವರ ಪ್ರಾಂತಕ್ಕೆ ಹೋದಾಗ ಕನ್ನಡಿಯನ್ನು ಕೈಯಲ್ಲಿ ಹಿಡಿದಿರುವಾಗಲೇ ಕೆಸರುದಾರಿಯಲ್ಲಿ ಬೆನ್ನಡಿಯಾಗಿ ಬಿದ್ದು ಬೆರಳ ಗೆಣ್ಣುಗಳನ್ನು ತರಚಿಕೊಂಡನಂತೆ. ಫಿಲ್ಮಿನ ಮೋಹಿತರಾದ ನಾವು ಈ ಪ್ರಸಂಗವನ್ನು ಮರೆಯಲಾಗದು. ಚಿತ್ರದಂತೆ ಕಾಣಬೇಕೆಂಬ ಆತುರದಲ್ಲಿ ಕಣಿವೆಗೇ ಬೆನ್ನು ಮಾಡುವ ಅಪಾಯ ನಮಗೂ ಇದೆ. ಇಂದು ಫೋನಿಗೆ ‘ಫಿಲ್ಮ್ ಛಾಯೆ’ ಬಳಿಯುವ ಸಲಕರಣೆಗಳು ಆ ಕನ್ನಡಿಯ ಮರಿಮಕ್ಕಳು.

ಛಾಯಾಗ್ರಹಣದ ಚರಿತ್ರೆಯಲ್ಲಿಯೂ ಈ ಜಗಳ ನಡೆದೇ ಇದೆ. ಎಡ್ವರ್ಡ್ ಸ್ಟೈಕನ್ 1904ರಲ್ಲಿ ನ್ಯೂಯಾರ್ಕಿನ ಫ್ಲಾಟ್‌ಐರನ್ ಕಟ್ಟಡವನ್ನು ಸಂಜೆಯ ಮಬ್ಬಿನಲ್ಲಿ ತೆಗೆದು, ಮುದ್ರಿಕೆಯ ಮೇಲೆ ಗೋಂದು ಬೆರೆಸಿದ ವರ್ಣವನ್ನು ಕೈಯಿಂದ ಲೇಪಿಸಿ ಅದಕ್ಕೆ ಚಿತ್ರಕಲೆಯ ಘನತೆ ತಂದನು. 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಎಫ್/64 ಎಂಬ ಗುಂಪು ಕಟ್ಟಿ, ಕ್ಯಾಮೆರಾ ಕುಂಚವಾಗಲು ಹವಣಿಸುವುದೇ ಅವಮಾನ, ಕಲ್ಲು ಕಲ್ಲಾಗಿ ಎಲೆ ಎಲೆಯಾಗಿ ನಿಚ್ಚಳ ಕಾಣಲಿ ಎಂದರು. ನ್ಯಾಯ ಯಾರ ಕಡೆಗೆ ಎಂದು ಕೇಳಿದರೆ ನಮ್ಮ ಒಲವು ಸ್ಟೈಕನನ ಕಡೆಗೆ; ಆದರೆ ಅವನ ಲೇಪನಕ್ಕಾಗಿ ಅಲ್ಲ, ಮುಸ್ಸಂಜೆಯಲ್ಲಿ ಆ ಕಟ್ಟಡದೆದುರು ಹೋಗಿ ನಿಂತದ್ದಕ್ಕಾಗಿ.

ನಮ್ಮ ನಾಡಿನ ಉದಾಹರಣೆಯೊಂದು ಇನ್ನೂ ಸ್ವಾರಸ್ಯದ್ದು. ಬೆಂಗಳೂರಿನ ದಂಡಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಕಂಪನಿ ಸೇನಾಧಿಕಾರಿ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಗುಡಿಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ತೆಗೆದನು. ಆ ಕಾಲದ ರಸಾಯನ ನೀಲಿಯನ್ನು ಮಾತ್ರ ಅತಿಯಾಗಿ ಗ್ರಹಿಸುತ್ತಿದ್ದುದರಿಂದ ಆಕಾಶ ಯಾವಾಗಲೂ ಬೋಳು ಬಿಳಿಯಾಗಿ ಬರುತ್ತಿತ್ತು. ಟ್ರೈಪ್ ತನ್ನ ಹಲವು ನೆಗೆಟಿವ್‌ಗಳ ಮೇಲೆ ಕುಂಚ ಹಿಡಿದು ಮೋಡಗಳನ್ನು ಬರೆದನು. ಕಲ್ಲು ಬೆಳಕಿನದು, ಮೋಡ ಕೈಯದು. ಅವು ಸುಳ್ಳೆನ್ನಲು ನಮಗೆ ಮನಸ್ಸು ಬಾರದು. ಮುಂದೆ ಅವನು ಮದರಾಸು ಸರ್ಕಾರದ ಛಾಯಾಗ್ರಾಹಕನಾದನು. ಕೆಲವೇ ವರ್ಷಗಳಲ್ಲಿ ಗವರ್ನರ್ ಟ್ರೆವೆಲಿಯನ್ ಇದು ದುಬಾರಿ ವಿಲಾಸವೆಂದು ಇಡೀ ಕಾರ್ಯವನ್ನೇ ನಿಲ್ಲಿಸಿದನು. ಸರ್ಕಾರಿ ಕಡತಗಳ ನಡುವೆ ಬಾಳುವ ನಮಗೆ ಈ ಮುಕ್ತಾಯ ಅಪರಿಚಿತವೇನಲ್ಲ.

ಬಣ್ಣದ ವಿಚಾರಕ್ಕೆ ಬಂದರೆ ರಘುವೀರ್ ಸಿಂಗ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಜಯಪುರದಲ್ಲಿ ಹುಟ್ಟಿ, ಬಾಳಿನ ಬಹುಪಾಲನ್ನು ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಕಳೆದ ಈತ ಮರಳಿ ಮರಳಿ ಬಂದು ಗಂಗೆಯನ್ನೂ ಕಲ್ಕತ್ತವನ್ನೂ ಮುಂಬಯಿಯನ್ನೂ ಬಣ್ಣದ ಫಿಲ್ಮಿನಲ್ಲಿ ಹಿಡಿದರು. ಕೊಡಾಕ್ರೋಮ್ ಅವರ ಮೆಚ್ಚಿನದು. ಗಂಭೀರ ಛಾಯಾಗ್ರಹಣವೆಂದರೆ ಕಪ್ಪುಬಿಳುಪು ಎಂದು ಪಶ್ಚಿಮ ನಂಬಿದ್ದ ದಿನಗಳಲ್ಲಿ, ಭಾರತೀಯ ಕಣ್ಣು ಬಣ್ಣದಲ್ಲೇ ಯೋಚಿಸುತ್ತದೆ, ಅದರ ಪರಂಪರೆ ನಮ್ಮ ಕಿರುಚಿತ್ರಗಳಲ್ಲಿದೆ ಎಂದು ಅವರು ವಾದಿಸಿದರು. ಅವರ ಮುಂಬಯಿ ಚಿತ್ರಗಳಲ್ಲಿ ಅಂಗಡಿಯ ಗಾಜು, ಅದರಲ್ಲಿ ಬಿಂಬಿಸಿದ ಬೀದಿ, ಬೀದಿಯಲ್ಲಿನ ಮುಖ ಎಲ್ಲವೂ ಒಂದೇ ಸಮತಲದಲ್ಲಿ ಕಿಕ್ಕಿರಿದಿರುತ್ತವೆ. ಮೊಗಲ್ ಚಿತ್ರದ ಅಂಗಳದಂತೆ. ಮಬ್ಬಿಲ್ಲದೆಯೂ ಛಾಯಾಚಿತ್ರ ಚಿತ್ರವಾಗಬಲ್ಲದೆಂಬುದಕ್ಕೆ ಅವರೇ ಸಾಕ್ಷಿ. ಆ ಕೊಡಾಕ್ರೋಮ್ ಇಂದಿಲ್ಲ. 1935ರಲ್ಲಿ ಬಂದದ್ದು 2009ರಲ್ಲಿ ನಿಂತಿತು. ಅದನ್ನು ಕಂಡುಹಿಡಿದ ಇಬ್ಬರೂ ಸಂಗೀತಗಾರರು ಎಂಬುದು ಪಕ್ಕದ ಮಾತು.

ಇಷ್ಟನ್ನೆಲ್ಲ ಬರೆಯಲು ಕಾರಣವಾದ ಸಂಗತಿಯೇ ಬೇರೆ. ನಮ್ಮ ಹಳೆಯ ನೆಗೆಟಿವ್‌ಗಳ ಪೆಟ್ಟಿಗೆಯನ್ನು ಈಚೆಗೆ ತೆರೆದು ನೋಡಿದೆವು. ಆಗುಂಬೆಯ ಸೂರ್ಯಾಸ್ತ ಇದೆ, ಜೋಗ ಮೂರು ಸಲ ಇದೆ, ಕುದುರೆಮುಖದ ಹಸಿರು ಇದೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಫಿಲ್ಮ್. ಹೊಟ್ಟೆಪಾಡಿನ ಊರಿಗೆ ಏನೂ ಇಲ್ಲ, ಬಳಿಕ ಫೋನು. ವರ್ಗಾವಣೆಯ ಮೇಲೆ ಸಿಕಂದರಾಬಾದಿನಲ್ಲಿ ಐದು ವರ್ಷ ಇದ್ದೆವು. ಮಗ ನಡೆಯಲು ಕಲಿತದ್ದು ಅಲ್ಲಿನ ಒಂದು ಗಲ್ಲಿಯಲ್ಲಿ. ಆ ಗಲ್ಲಿಯ ಒಂದು ಚಿತ್ರವೂ ನಮ್ಮಲ್ಲಿ ಇಲ್ಲ. ಇದ್ದವೆಲ್ಲ ಒಂದು ಫೋನಿನಲ್ಲಿದ್ದು, ಫೋನಿನೊಂದಿಗೇ ಹೋದವು. ಸೌಂದರ್ಯ ಮಲೆನಾಡಿಗೆ, ಉಪಯೋಗ ನಗರಕ್ಕೆ ಎಂದು ನಾವು ಅರಿಯದೆಯೇ ಹಂಚಿಕೆ ಮಾಡಿಬಿಟ್ಟಿದ್ದೆವು. ಹೊರನಾಡಿನ ಬಹಳಷ್ಟು ಕನ್ನಡಿಗರ ಗೋಡೆಗಳನ್ನು ನೋಡಿ ಈ ಮಾತು ಹೇಳುತ್ತಿದ್ದೇವೆ. ಸರೋವರಗಳ ಕವಿಯೆನಿಸಿದ ವರ್ಡ್ಸ್‌ವರ್ತ್ ಕೂಡ 1802ರ ಒಂದು ಮುಂಜಾನೆ ಫ್ರಾನ್ಸಿಗೆ ಹೋಗುವ ದಾರಿಯಲ್ಲಿ, ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲಿಂದ ಲಂಡನ್ನನ್ನು ಕಂಡು, ಬೆಟ್ಟ ಕಣಿವೆಗಳಿಗೆ ಕೊಡುವ ಗೌರವವನ್ನು ಅದಕ್ಕೂ ಕೊಟ್ಟು ಸುನೀತ ಬರೆದನು. ನಾವು ಮಾತ್ರ ಇಪ್ಪತ್ತು ವರ್ಷ ಬಾಳಿದ ಬೀದಿಗೆ ಒಂದು ರೋಲನ್ನೂ ಕೊಡಲಾರೆವು.

ಖರ್ಚಿನ ಮಾತು ನಿಜ. ಒಂದು ಬಣ್ಣದ ರೋಲು, ಸಂಸ್ಕರಣೆ, ಸ್ಕ್ಯಾನ್ ಸೇರಿ ಸಾವಿರ ರೂಪಾಯಿ ದಾಟುತ್ತದೆ; ಸಿಕ್ಕುವುದು ಮೂವತ್ತಾರು ಚಿತ್ರ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಕಪ್ಪುಬಿಳುಪು ಫಿಲ್ಮನ್ನು ತಯಾರಿಸುತ್ತಿದ್ದ ಕಾಲವೊಂದಿತ್ತು. ಈಗ ಆ ಕಾರ್ಖಾನೆ ಮುಚ್ಚಿದೆ, ಎಲ್ಲವೂ ಆಮದು. ಕೊನೆಗೆ ನೋಡುವುದು ಫೋನಿನ ಪರದೆಯಲ್ಲೇ ಅಲ್ಲವೇ ಎಂದು ಕೇಳುವವರಿಗೂ ಹೌದು ಎಂದೇ ಹೇಳಬೇಕು. ಆದರೆ ಮೂವತ್ತಾರೇ ಇವೆ ಎಂದು ತಿಳಿದವನು ಬೀದಿಯ ತಿರುವಿನಲ್ಲಿ ಬೆಳಕು ಬರುವವರೆಗೆ ನಿಲ್ಲುತ್ತಾನೆ. ನಿಂತಾಗ ಹಾಲಿನವನು ಬರುವ ಹೊತ್ತು, ಎದುರು ಮನೆಯ ಬಾಲ್ಕನಿಗೆ ಬಿಸಿಲು ತಾಕುವ ಹೊತ್ತು ತಿಳಿಯುತ್ತದೆ. ಅದು ಸ್ಕ್ಯಾನಿನಲ್ಲಿ ಕಳೆದುಹೋಗುವ ವಸ್ತುವಲ್ಲ.

ಈ ತಿಂಗಳು ಮಾಟುಂಗದ ಹೂವಿನ ಅಂಗಡಿಗಳ ಬಳಿ ಬೆಳಗಿನ ಆರೂವರೆಗೆ ನಾಲ್ಕು ದಿನ ಹೋಗಿ ನಿಂತೆವು. ಮೂರು ದಿನ ಮೋಡ. ನಾಲ್ಕನೆಯ ದಿನ ಕಟ್ಟಡಗಳ ಸಂದಿಯಿಂದ ಒಂದು ಕೋಲು ಬಿಸಿಲು ಬಂದು ಸೇವಂತಿಗೆಯ ಬುಟ್ಟಿಯ ಮೇಲೆ ಬಿತ್ತು. ಒಂದೇ ಒಂದು ತೆಗೆದೆವು. ಹೂ ಕಟ್ಟುತ್ತಿದ್ದ ಅಜ್ಜಿ ತೋರಿಸೆಂದು ಕೈ ಚಾಚಿದರು. ಹದಿನೈದು ದಿನವಾಗುತ್ತದೆ ಎಂದೆವು. ‘ಅಷ್ಟರಲ್ಲಿ ಈ ಹೂ ಬಾಡಿರುತ್ತದೆ’ ಎಂದು ನಕ್ಕರು. ರೋಲಿನಲ್ಲಿ ಇನ್ನೂ ಹನ್ನೊಂದು ಚಿತ್ರಗಳಿವೆ.