ತಲುಪಿತೆನ್ನುವ ಕಾನೂನು, ಹೊಣೆ ಹೊರದ ಅಂಚೆ

2023ರ ಅಂಚೆ ಕಚೇರಿ ಕಾಯ್ದೆಯ ಬಗ್ಗೆ ಬರೆದವರೆಲ್ಲ ಕಲಂ 9ನ್ನೇ ಹಿಡಿದು ಕೂತಿದ್ದಾರೆ. ಪತ್ರ ತಡೆದು, ಒಡೆದು ನೋಡುವ ಅಧಿಕಾರ ಅಪಾಯಕಾರಿ, ನಿಜ. 1986ರ ತಿದ್ದುಪಡಿ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕದೆ ಉಳಿದದ್ದು ಅದೇ ಕಾರಣಕ್ಕೆ. ಆ ವಾದ ನಡೆಯಲಿ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಮನೆಗಳಿಗೆ ಏಟು ಬೀಳುವುದು ಕಲಂ 10ರಿಂದ. ಅದನ್ನು ಉಳಿಸಿಕೊಂಡದ್ದು ಅನ್ಯಾಯ.

ನಿಯಮದಲ್ಲಿ ಹೇಳಿದಷ್ಟು ಬಿಟ್ಟರೆ ತಾನು ಕೊಡುವ ಸೇವೆಗೆ ಅಂಚೆ ಯಾವ ಹೊಣೆಯನ್ನೂ ಹೊರುವುದಿಲ್ಲ ಎನ್ನುತ್ತದೆ ಈ ಕಲಂ. 1898ರ ಕಾಯ್ದೆಯ ಕಲಂ 6ರಲ್ಲಿದ್ದುದೂ ಹೆಚ್ಚುಕಡಿಮೆ ಇದೇ. ಆಗ ಅದಕ್ಕೊಂದು ಸಮರ್ಥನೆಯಾದರೂ ಇತ್ತು: ಪತ್ರ ಸಾಗಿಸುವ ಏಕಸ್ವಾಮ್ಯ ಸರ್ಕಾರದ್ದಾಗಿತ್ತು. 2024ರ ಜೂನ್ 18ರಿಂದ ಜಾರಿಯಾದ ಹೊಸ ಕಾಯ್ದೆ ಆ ಏಕಸ್ವಾಮ್ಯವನ್ನು ತೆಗೆದುಹಾಕಿತು, ರಕ್ಷಾಕವಚವನ್ನು ಮಾತ್ರ ಬಿಡಲಿಲ್ಲ. ಖಾಸಗಿ ಕೊರಿಯರ್ ಲಕೋಟೆ ಕಳೆದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅಂಚೆ ಕಳೆದರೆ ಈ ಕಲಂ ಎದುರಿಗೆ ನಿಲ್ಲುತ್ತದೆ.

ಇದರ ಪಕ್ಕಕ್ಕೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ ಕಲಂ 27ನ್ನು ಇಟ್ಟು ಓದಬೇಕು. ಯಾರೂ ಓದುತ್ತಿಲ್ಲ. ಸರಿಯಾದ ವಿಳಾಸ ಬರೆದು, ಶುಲ್ಕ ಕಟ್ಟಿ ರಿಜಿಸ್ಟರ್ ಅಂಚೆಗೆ ಹಾಕಿದರೆ ನೋಟಿಸು ತಲುಪಿದೆ ಎಂದೇ ಕಾನೂನು ಭಾವಿಸುತ್ತದೆ. ತಲುಪಿಲ್ಲವೆಂದು ರುಜುವಾತು ಮಾಡುವ ಹೊರೆ ವಿಳಾಸದಾರನದು, ದಾಖಲೆ ಇರುವುದು ಅಂಚೆಯ ಬಳಿ. ಅಂದರೆ ಟಪಾಲು ತಲುಪಿತೆಂಬುದಕ್ಕೆ ಅಂಚೆಯ ಮಾತೇ ಸಾಕ್ಷಿ. ತಲುಪದೆ ಮನೆ ಮುಳುಗಿದರೆ ಅದೇ ಅಂಚೆಗೆ ಸಂಬಂಧವಿಲ್ಲ.

ಇಂಡಿ, ಸಿಂದಗಿಯಂಥ ಈ ತಾಲ್ಲೂಕುಗಳಿಂದ ಸುಗ್ಗಿ ಮುಗಿಯುತ್ತಲೇ ಎಷ್ಟೋ ಕುಟುಂಬಗಳು ಗೋವಾ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಮನೆಗೆ ಬೀಗ ಬೀಳುತ್ತದೆ. ಆಗ ಬರುವ ಚೆಕ್ ಬೌನ್ಸ್ ನೋಟಿಸಿನ ಮೇಲೆ 'ಬಾಗಿಲು ಹಾಕಿದೆ' ಎಂಬ ಷರಾ ಬೀಳುತ್ತದೆ. ಆ ಷರಾ ಇದ್ದರೂ ನೋಟಿಸು ಜಾರಿಯಾಯಿತೆಂದು ಭಾವಿಸಬಹುದೆಂದು ವಿ. ರಾಜಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಹಣ ಕಟ್ಟಲು ಕಾನೂನು ಕೊಡುವುದು 15 ದಿನ. ಸಮನ್ಸ್ ಬಂದ 15 ದಿನದೊಳಗೆ ಕಟ್ಟಿದರೂ ಪ್ರಕರಣದಿಂದ ಪಾರಾಗಬಹುದೆಂದು 2007ರ ಅಲವಿ ಹಾಜಿ ತೀರ್ಪು ದಾರಿ ತೋರಿಸಿತು. ಒಳ್ಳೆಯದೇ. ಆದರೆ ಆ ದಾರಿ ಚೆಕ್ ಪ್ರಕರಣಕ್ಕೆ ಮಾತ್ರ, ಅದೂ ಕೈಯಲ್ಲಿ ದುಡ್ಡಿದ್ದವನಿಗೆ.

ಜಮೀನಿನ ಮಾತು ಬೇರೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಹೋಗುವ ಜಮೀನಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಈ ದರಕ್ಕೆ ಒಪ್ಪಿಗೆ ಕೊಡದೆ ಹೆಚ್ಚಿನ ಪರಿಹಾರ ಕೇಳುವ, ಐತೀರ್ಪಿನ ವೇಳೆ ಹಾಜರಿಲ್ಲದ ರೈತನಿಗೆ 2013ರ ಭೂಸ್ವಾಧೀನ ಕಾಯ್ದೆಯ ಕಲಂ 64ರಡಿ ಇರುವ ಅವಧಿ ನೋಟಿಸು ಸಿಕ್ಕಲ್ಲಿಂದ ಆರು ವಾರ, ಇಲ್ಲವೇ ಐತೀರ್ಪಿನಿಂದ ಆರು ತಿಂಗಳು. ಯಾವುದು ಮೊದಲು ಮುಗಿಯುತ್ತದೋ ಅದು. ಕೈಗೆ ಬಾರದ ಒಂದು ಲಕೋಟೆ ಲಕ್ಷಾಂತರ ರೂಪಾಯಿಯ ಹಕ್ಕನ್ನೇ ನುಂಗಬಲ್ಲದು. ಇದಕ್ಕೆ ಅಂಚೆ ಕಟ್ಟಿದ ಬೆಲೆ ಎಷ್ಟು? 1933ರ ಹಳೆಯ ನಿಯಮಗಳ ಪ್ರಕಾರ ಸ್ಪೀಡ್ ಪೋಸ್ಟ್ ಕಳೆದುಹೋದರೆ ಸಿಗುತ್ತಿದ್ದುದು ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು. ವಿಳಾಸದಾರನ ನಷ್ಟ ಆ ಲೆಕ್ಕದಲ್ಲಿ ಇರಲೇ ಇಲ್ಲ.

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾಗಿದೆ. ನೋಂದಣಿ ಈಗ ಹೆಚ್ಚುವರಿ ಶುಲ್ಕಕ್ಕೆ ಸಿಗುವ ಸೌಲಭ್ಯ. ಇಷ್ಟು ದೊಡ್ಡ ಬದಲಾವಣೆ ಮಾಡುವಾಗಲಾದರೂ ಹೊಣೆಯ ಪ್ರಶ್ನೆ ಎತ್ತಬೇಕಿತ್ತು.

ಹೊಣೆ ಹೊರಿಸಿದರೆ ನಾಲ್ಕೈದು ತಾಸಿನ ಕೆಲಸಕ್ಕೆ ಹಳ್ಳಿಹಳ್ಳಿ ಸುತ್ತುವ ಗ್ರಾಮೀಣ ಡಾಕ್ ಸೇವಕರ ತಲೆಗೇ ಕಟ್ಟುತ್ತಾರೆ ಎಂಬ ಆಕ್ಷೇಪವಿದೆ. ಇದು ಪೊಳ್ಳು. ವಂಚನೆ ಅಥವಾ ಉದ್ದೇಶಪೂರ್ವಕ ತಪ್ಪು ಇಲ್ಲದಿದ್ದರೆ ಸಿಬ್ಬಂದಿಯನ್ನು ಕಾಯುವ ಉಪಕಲಂ ಕಲಂ 10ರಲ್ಲಿ ಬೇರೆಯೇ ಇದೆ. ಅದು ಇರಲೇಬೇಕು. ಕೇಳುತ್ತಿರುವುದು ಇಲಾಖೆಯ ಹೊಣೆಯನ್ನು.

ಗಡುವು ಇರುವ ಕಾನೂನು ನೋಟಿಸುಗಳಿಗೆ ಪ್ರತ್ಯೇಕ ಪರಿಹಾರ ನಿಗದಿಯಾಗಲಿ. ಷರಾ ಬರೆದ ದಿನ, ವೇಳೆಯ ದಾಖಲೆಯನ್ನು ವಿಳಾಸದಾರ ಕೇಳಿದೊಡನೆ ಕೊಡುವ ನಿಯಮವೂ ಬರಲಿ. ಇದಕ್ಕೆ ಸಂಸತ್ತಿನ ಬಾಗಿಲು ತಟ್ಟಬೇಕಿಲ್ಲ. 'ನಿಯಮದಲ್ಲಿ ಹೇಳಿದಷ್ಟು ಹೊಣೆ' ಎಂದು ಕಲಂ 10 ತಾನೇ ಜಾಗ ಬಿಟ್ಟಿದೆ. ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಸಾಕು.